ಮಾತು ಕೇಳಿಸುವ ಮೇಜು

ಇಂದಿರಾನಗರದಲ್ಲಿ ಊಟ ಮಾಡೋಣ ಎಂದು ಯಾರಾದರೂ ಅಂದರೆ ನಾನು ಮೊದಲು ಕೇಳುವುದು ‘ಯಾರ್‍ಯಾರು ಬರ್ತಿದೀರಿ?’ ಎಂದು. ಏನು ತಿನ್ನೋಣ ಎಂಬುದು ಆಮೇಲಿನ ಮಾತು. ಬೆಂಗಳೂರಿನ ಈ ಬಡಾವಣೆಯಲ್ಲಿ ತಿನ್ನಲು ಸಿಗದ್ದು ಕಡಿಮೆ. ನೂರಡಿ ರಸ್ತೆ, 12ನೇ ಮೇನ್, ಎಂಬತ್ತಡಿ ರಸ್ತೆ, ಸಿಎಂಎಚ್ ರಸ್ತೆ, ಇವಿಷ್ಟನ್ನು ನಿಧಾನಕ್ಕೆ ಸುತ್ತಿದರೆ ತುಪ್ಪದ ದೋಸೆ, ಗೋಂಗುರ ಪಪ್ಪು, ಸುಶಿ, ಕಟ್ಟಿಗೆ ಒಲೆಯ ಪಿಜ್ಜಾ, ವಿಯೆಟ್ನಾಮಿನ ಫೋ ಎಲ್ಲವೂ ಎದುರಾಗುತ್ತವೆ. ಆದರೆ ಜೊತೆಗೆ ಎಂಬತ್ತು ದಾಟಿದ ಸೋದರಮಾವ ಇದ್ದರೆ ಒಂದು ಲೆಕ್ಕ, ಪುಟ್ಟ ಮಗು ಇದ್ದರೆ ಇನ್ನೊಂದು, ಎಷ್ಟೋ ವರ್ಷದ ಮೇಲೆ ಊರಿಗೆ ಬಂದ ಗೆಳತಿ ಇದ್ದರೆ ಬೇರೆಯದೇ ಲೆಕ್ಕ. ನಾವು ಮನೆ ಬಿಟ್ಟು ಹೊರಗೆ ಉಣ್ಣಲು ಹೋಗುವುದು ಹಸಿವಿಗಲ್ಲ, ಒಟ್ಟಿಗೆ ಕೂತು ಮಾತಾಡಲು. ಎದುರಿಗಿದ್ದವರ ಮಾತು ಕೇಳಿಸದ ಜಾಗದಲ್ಲಿ ಎಂಥ ರುಚಿಯಿದ್ದರೂ ಅದು ನನಗೆ ಬೇಡ.

ಈ ಬಡಾವಣೆ ಹುಟ್ಟಿದ್ದೇ ಸದ್ದಿಲ್ಲದೆ ಬದುಕಲು ಬಯಸಿದವರಿಗಾಗಿ. ಎಪ್ಪತ್ತರ ದಶಕದ ಕೊನೆಯಲ್ಲಿ ಬಿನ್ನಮಂಗಲ, ದೂಪನಹಳ್ಳಿಗಳ ಸುತ್ತಿನ ನೆಲದಲ್ಲಿ ಇದು ಬೆಳೆಯಿತು. ಪಕ್ಕದಲ್ಲೇ ಎಚ್‌ಎಎಲ್. ಸೈನ್ಯದಿಂದ ನಿವೃತ್ತರಾದ ಅಧಿಕಾರಿಗಳು ಡಿಫೆನ್ಸ್ ಕಾಲೊನಿಯಲ್ಲಿ ಮನೆ ಕಟ್ಟಿಕೊಂಡರು. ದೊಡ್ಡ ಸೈಟು, ಸುತ್ತ ಕಾಂಪೌಂಡು, ಮುಂದೆ ಕಾರು ನಿಲ್ಲಿಸುವ ಪೋರ್ಟಿಕೊ, ಹಿತ್ತಲಲ್ಲಿ ಒಂದು ಮಾವಿನ ಮರವೋ ತೆಂಗಿನ ಮರವೋ. ತೊಂಬತ್ತರ ದಶಕದಲ್ಲಿ ಸಾಫ್ಟ್‌ವೇರ್ ದುಡ್ಡು ಊರಿಗೆ ಬಂದಾಗ, ಕೋರಮಂಗಲದ ಕಡೆಗೆ ದಾರಿಯಾದ ನೂರಡಿ ರಸ್ತೆಯ ಮನೆಗಳು ಒಂದೊಂದಾಗಿ ಅಂಗಡಿಗಳಾದವು. ಅಂಗಡಿಗಳ ಮೇಲಿನ ಮಹಡಿಗಳು ಹೋಟೆಲುಗಳಾದವು. ಅಲ್ಲಿ ಜಾಗ ಸಾಲದೆ 12ನೇ ಮೇನಿನ ಮನೆಗಳೂ ಅದೇ ದಾರಿ ಹಿಡಿದವು. ಇವತ್ತು ಒಳ್ಳೆಯ ಹೋಟೆಲೊಂದಕ್ಕೆ ಕಾಲಿಟ್ಟಾಗ, ಇದು ಯಾರದೋ ನಡುಮನೆಯಾಗಿತ್ತು, ಆ ಮೂಲೆಯಲ್ಲಿ ದೇವರ ಕೋಣೆ ಇದ್ದಿರಬೇಕು ಎಂದು ನನಗೆ ಅನ್ನಿಸುವುದುಂಟು.

ಮನೆಯ ಸ್ವಭಾವ ಉಳಿಸಿಕೊಂಡ ಹೋಟೆಲುಗಳೇ ಇಲ್ಲಿ ನನಗೆ ಅಚ್ಚುಮೆಚ್ಚು. ಪೋರ್ಟಿಕೊದಲ್ಲಿ ನಾಲ್ಕು ಮೇಜು, ಮರದ ಕೆಳಗೆ ಇನ್ನು ಮೂರು, ಒಳಗೆ ಬೇರೆ ಬೇರೆ ಕೋಣೆಗಳಲ್ಲಿ ಚದುರಿದ ಕುರ್ಚಿಗಳು. ಬಯಲಲ್ಲಿ ಆಡಿದ ಮಾತು ಆಕಾಶಕ್ಕೆ ಹೋಗಿಬಿಡುತ್ತದೆ, ತಿರುಗಿ ಬಂದು ಕಿವಿಗೆ ಬಡಿಯುವುದಿಲ್ಲ. ಗೋಡೆ ಒಡೆಯದೆ ಕೋಣೆಗಳನ್ನು ಹಾಗೇ ಬಿಟ್ಟಿದ್ದರೆ ಪಕ್ಕದ ಗುಂಪಿನ ಹುಟ್ಟುಹಬ್ಬದ ಹಾಡು ಅಲ್ಲಿಗೇ ನಿಲ್ಲುತ್ತದೆ. ಈಚಿನ ಅಲಂಕಾರ ಇದಕ್ಕೆ ಪೂರ್ತಿ ತಿರುಗುಮುರುಗು. ಗೋಡೆಗಳನ್ನೆಲ್ಲ ತೆಗೆದು ಒಂದೇ ಹಜಾರ ಮಾಡುತ್ತಾರೆ, ನೆಲಕ್ಕೆ ಬರೀ ಸಿಮೆಂಟು, ಗಾರೆ ಕಾಣದ ಇಟ್ಟಿಗೆ, ಎದುರಿಗೆ ಆಳೆತ್ತರದ ಗಾಜು, ತಲೆಯ ಮೇಲೆ ಮುಚ್ಚಿಗೆಯಿಲ್ಲದೆ ಬಿಟ್ಟ ಕೊಳವೆಗಳು. ಕಣ್ಣಿಗೆ ಚೆಂದವೇ. ಆದರೆ ಸದ್ದನ್ನು ಹೀರಿಕೊಳ್ಳುವ ಒಂದು ತುಂಡು ಬಟ್ಟೆಯೂ ಅಲ್ಲಿ ಇರುವುದಿಲ್ಲ. ತಟ್ಟೆ ಇಟ್ಟ ಸದ್ದು, ಕುರ್ಚಿ ಎಳೆದ ಸದ್ದು, ನಕ್ಕ ಸದ್ದು ಎಲ್ಲವೂ ಗೋಡೆಯಿಂದ ಗೋಡೆಗೆ ಬಡಿದು ಸುತ್ತುತ್ತವೆ.

ಅದಕ್ಕೆ ನಾವೂ ಕೈಜೋಡಿಸುತ್ತೇವೆ. ಸುತ್ತ ಗದ್ದಲ ಹೆಚ್ಚಿದಂತೆ ಮನುಷ್ಯ ತನಗರಿವಿಲ್ಲದೆ ದನಿ ಏರಿಸುತ್ತಾನೆ. ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ ಇದನ್ನು 1911ರಲ್ಲೇ ವಿವರಿಸಿದ್ದ, ಇಂದಿಗೂ ಅದು ಅವನ ಹೆಸರಿನಲ್ಲೇ ಇದೆ. ಒಂದು ಮೇಜಿನವರು ದನಿ ಏರಿಸಿದರೆ ಪಕ್ಕದವರು ಇನ್ನೂ ಏರಿಸಬೇಕು, ಅದನ್ನು ಮೀರಿಸಲು ಸಂಗೀತ ಹಾಕುವವನು ಇನ್ನೊಂದಿಷ್ಟು ತಿರುಗಿಸಬೇಕು. ಸಾಮಾನ್ಯ ಮಾತುಕತೆ ಸುಮಾರು 60 ಡೆಸಿಬಲ್. ಶನಿವಾರ ರಾತ್ರಿ ತುಂಬಿದ ಇಂಥ ಹಜಾರ 80 ದಾಟುವುದು ಕಷ್ಟವಲ್ಲ. ಹತ್ತು ಡೆಸಿಬಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟು ಆಗುತ್ತದೆ ಎಂಬುದನ್ನು ನೆನೆದರೆ, ಅರವತ್ತರಿಂದ ಎಂಬತ್ತಕ್ಕೆ ಇರುವ ದೂರ ತಿಳಿಯುತ್ತದೆ.

ಇದರ ಪೆಟ್ಟು ಮೊದಲು ಬೀಳುವುದು ಹಿರಿಯರಿಗೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಹೆಚ್ಚಿನ ಕಂಪನದ ಸದ್ದುಗಳನ್ನು, ಅಂದರೆ ಸ, ಶ, ತ, ಕ ಇಂಥ ವ್ಯಂಜನಗಳನ್ನು. ಸ್ವರಗಳು ಕೇಳುತ್ತವೆ, ಯಾರೋ ಮಾತಾಡುತ್ತಿದ್ದಾರೆಂದು ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ. ಕಿವಿಗೆ ಇಟ್ಟ ಯಂತ್ರ ಗದ್ದಲವನ್ನೂ ಮಾತನ್ನೂ ಒಟ್ಟಿಗೆ ದೊಡ್ಡದು ಮಾಡಿಬಿಡುತ್ತದೆ. ನಮ್ಮ ಸೋದರಮಾವ ಯಂತ್ರಗಳ ನಡುವೆ ದುಡಿದು ನಿವೃತ್ತರಾದವರು, ಕಿವಿ ಮೊದಲೇ ಸೋತಿತ್ತು. ಒಂದು ಸಂಜೆ ಮನೆಯವರೆಲ್ಲ ಅವರನ್ನು ಕರೆದುಕೊಂಡು ಅಂಥದೇ ಹಜಾರವೊಂದಕ್ಕೆ ಹೋದೆವು. ಅವರು ಎಲ್ಲರ ಮಾತಿಗೂ ನಗುತ್ತ, ತಲೆಯಾಡಿಸುತ್ತ, ತಟ್ಟೆಗೆ ಬಡಿಸಿದ್ದನ್ನು ಮೆಚ್ಚಿಕೊಂಡು ತಿಂದರು. ವಾಪಸು ಬರುವಾಗ ಕಾರಿನಲ್ಲಿ ಮೆಲ್ಲಗೆ ಕೇಳಿದರು:

‘ಮೊಮ್ಮಗಳು ಏನೋ ಹೇಳ್ತಿದ್ದಳಲ್ಲ, ಎಲ್ರೂ ಚಪ್ಪಾಳೆ ತಟ್ಟಿದ್ರಿ. ಏನದು?’

‘ಅವಳಿಗೆ ಜರ್ಮನಿಯಲ್ಲಿ ಓದೋಕೆ ಸೀಟು ಸಿಕ್ಕಿದೆ ಮಾವ.’

‘ಹೌದೇನೋ? ನಾನು ಮಗೂಗೆ ಒಂದು ಒಳ್ಳೆ ಮಾತೂ ಹೇಳಲಿಲ್ವಲ್ಲೋ.’

ಹೋಟೆಲಿನವರ ಅಡುಗೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಆ ಮಾತು ಮಾತ್ರ ನನ್ನೊಳಗೆ ನಿಂತುಬಿಟ್ಟಿದೆ. ಹಾಗಾಗಿ ಈಗ ಮೇಜು ಕಾದಿರಿಸುವಾಗ ಫೋನಿನಲ್ಲೇ ಹೇಳುತ್ತೇನೆ: ಹಿರಿಯರಿದ್ದಾರೆ, ಸ್ಪೀಕರಿನ ಕೆಳಗೆ ಬೇಡ, ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂರುವ ಜಾಗ ಬೇಕು, ಮೆಟ್ಟಿಲು ಎಷ್ಟಿವೆ? ಬಹುತೇಕರು ಮರ್ಯಾದೆಯಿಂದ ಉತ್ತರಿಸುತ್ತಾರೆ. ಬೆನ್ನ ಹಿಂದೆ ಗೋಡೆಯಿದ್ದರೆ ಹಿಂದಿನ ಗದ್ದಲ ತಪ್ಪುತ್ತದೆ, ಎದುರಿನವರ ತುಟಿಯೂ ಕಾಣುತ್ತದೆ. ಕಿವಿ ಮಂದವಾದವರು ಅರ್ಧ ಮಾತನ್ನು ಕಣ್ಣಿನಿಂದ ಕೇಳುತ್ತಾರೆ, ಆದ್ದರಿಂದ ಅವರ ಮೇಜಿನ ಮೇಲೆ ಬೆಳಕೂ ಸಾಕಷ್ಟು ಇರಬೇಕು.

ಬೆಳಗಿನ ಹೊತ್ತಿನ ಇಂದಿರಾನಗರ ಇನ್ನೂ ನಡೆದು ತಿನ್ನಬಹುದಾದ ಊರು. ಮೆಟ್ರೊದಲ್ಲಿ ಬರುವುದೇ ವಾಸಿ. ಬೆಂಗಳೂರಿನ ಮೊದಲ ಮೆಟ್ರೊ 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಓಡಿದ್ದು ಇದೇ ಸಿಎಂಎಚ್ ರಸ್ತೆಯ ಮೇಲೆ. ಚಿನ್ಮಯ ಮಿಷನ್ ಆಸ್ಪತ್ರೆಯಿಂದ ಹೆಸರು ಪಡೆದ ಈ ರಸ್ತೆಯ ವ್ಯಾಪಾರಿಗಳು ಆ ಮಾರ್ಗ ಬೇಡವೆಂದು ನ್ಯಾಯಾಲಯದವರೆಗೂ ಹೋಗಿದ್ದರು. ಸಾಲುಮರಗಳು ಹೋದದ್ದು ಇವತ್ತಿಗೂ ನೋಯಿಸುತ್ತದೆ. ಆದರೆ ನಿಲ್ದಾಣದಿಂದಿಳಿದು ಕಾಲ್ನಡಿಗೆಯಲ್ಲೇ ನೂರಡಿ ರಸ್ತೆ ಸೇರಬಹುದು, ಕಾರು ನಿಲ್ಲಿಸಲು ಗಲ್ಲಿ ಗಲ್ಲಿ ಸುತ್ತುವ ಗೋಳಿಲ್ಲ. ರವೆ ಇಡ್ಲಿ ಬೇಕೆಂದರೆ ಎಂಟಿಆರ್ ಶಾಖೆಯಿದೆ. 1924ರಲ್ಲಿ ಶುರುವಾದ ಆ ಹೋಟೆಲು ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ರವೆಯಿಂದ ಇಡ್ಲಿ ಮಾಡಿ ನಾಡಿಗೇ ಕಲಿಸಿತು. ಗೋಡಂಬಿ ಇಟ್ಟು ಬೇಯಿಸಿದ ಆ ಇಡ್ಲಿ, ಆಲೂಗಡ್ಡೆ ಸಾಗು, ಮೇಲೆ ಚೂರು ತುಪ್ಪ, ಅದರ ಹಿಂದೆ ಕಾಫಿ. ನಿಂತು ತಿನ್ನಬಲ್ಲವರಿಗೆ ರಾಮೇಶ್ವರಂ ಕೆಫೆ ಇದೆ, 2021ರಲ್ಲಿ ಶುರುವಾಗಿ ಈಗ ಊರೂರಿಗೆ ಹೆಸರಾಗಿದೆ. ತುಪ್ಪ ಸುರಿದ ಪುಡಿ ದೋಸೆಗೆ ಅಲ್ಲಿ ಜನ ಬೀದಿಯಲ್ಲಿ ನಿಲ್ಲುತ್ತಾರೆ. ನಿಂತು ತಿನ್ನುವ ದರ್ಶಿನಿ ಪದ್ಧತಿ 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಹಬ್ಬಿದ್ದು. ದರ್ಶಿನಿಯ ಗದ್ದಲ ನನ್ನನ್ನು ಯಾವತ್ತೂ ಕಾಡಿಲ್ಲ. ಟೋಕನ್ ಕೂಗುವ ದನಿ, ಹೆಂಚಿಗೆ ನೀರು ಚಿಮುಕಿಸಿದ ಚುರ್ ಸದ್ದು, ತೊಳೆದ ಲೋಟಗಳ ಸದ್ದು. ಎಲ್ಲವೂ ಕೆಲಸದ ಸದ್ದು. ಅಲ್ಲಿ ನಿಲ್ಲುವುದು ಹತ್ತು ನಿಮಿಷ, ಮಾತು ಬೀದಿಗೆ ಬಂದ ಮೇಲೆ.

ಮಧ್ಯಾಹ್ನ ಹಸಿವು ಜೋರಾಗಿದ್ದರೆ ಆಂಧ್ರ ಊಟ. ರೆಸಿಡೆನ್ಸಿ ರಸ್ತೆಯ ನಾಗಾರ್ಜುನ ಇಲ್ಲಿಗೂ ಬಂದಿದೆ. ಬಾಳೆ ಎಲೆ, ಬಿಸಿ ಅನ್ನದ ಮೇಲೆ ಪಪ್ಪು, ಚಟ್ನಿಪುಡಿಗೆ ತುಪ್ಪ. ಉಣ್ಣುವಷ್ಟು ಹೊತ್ತು ಯಾರೂ ಮಾತಾಡುವುದಿಲ್ಲ. ಮಾತಾಡುವ ಮೊದಲೇ ಬಡಿಸುವವರು ಮತ್ತೆ ಬಂದಿರುತ್ತಾರೆ.

ಸಂಜೆಯ ಇಂದಿರಾನಗರ ಎಳೆಯರದು. 2010ರಲ್ಲಿ ಬಾಗಿಲು ತೆರೆದ ಟಾಯ್ಟ್ ನೂರಡಿ ರಸ್ತೆಯ ಗುರುತೇ ಆಗಿಹೋಗಿದೆ. ಅಲ್ಲೇ ಕುದಿಸಿ ಹುದುಗಿಸಿ ಮಾಡಿದ ಬಿಯರಿಗಾಗಿ ಮೂರು ಅಂತಸ್ತೂ ತುಂಬಿರುತ್ತವೆ. ವಾರವಿಡೀ ಪರದೆಯ ಮುಂದೆ ಕೂತು, ಪಿಜಿ ಕೋಣೆಯಲ್ಲಿ ಒಬ್ಬರೇ ಮಲಗಿ ಎದ್ದ ಹುಡುಗ ಹುಡುಗಿಯರಿಗೆ ಶುಕ್ರವಾರ ರಾತ್ರಿ ಗುಂಪಿನಲ್ಲಿ ಕೂಗಾಡುವ ಒಂದು ಜಾಗ ಬೇಕು. ಆ ಗದ್ದಲವನ್ನು ಹಳಿಯಲು ನನಗೆ ಮನಸ್ಸಿಲ್ಲ. ಆದರೆ ಅದೇ ಜಾಗಕ್ಕೆ ವಾರದ ನಡುವೆ, ಸಂಜೆ ಐದರ ಸುಮಾರಿಗೆ ಹೋಗಿ ನೋಡಿ. ಕಿಟಕಿಯಿಂದ ಓರೆ ಬಿಸಿಲು, ಅರ್ಧಕ್ಕರ್ಧ ಖಾಲಿ ಮೇಜುಗಳು, ಬಡಿಸುವ ಹುಡುಗನಿಗೂ ನಿಂತು ಎರಡು ಮಾತಾಡುವಷ್ಟು ಬಿಡುವು. ಇಲ್ಲಿನ ಯಾವ ಹೋಟೆಲನ್ನೇ ಆಗಲಿ ವಾರದ ದಿನ, ಏಳು ಗಂಟೆಗೆ ಮೊದಲು ನೋಡಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಅಡುಗೆಯವರಿಗೂ ಆಗ ಧಾವಂತವಿರುವುದಿಲ್ಲ, ಬೆಂದದ್ದು ನೇರ ಎಲೆಗೆ ಬರುತ್ತದೆ. ಸಂಜೆ ಮುಗಿಸಲು ಕಾರ್ನರ್ ಹೌಸ್ ಸಾಕು. 1982ರಿಂದ ಬೆಂಗಳೂರಿನ ಮಕ್ಕಳನ್ನು ಬೆಳೆಸಿದ ಐಸ್‌ಕ್ರೀಮು ಅದು. ‘ಡೆತ್ ಬೈ ಚಾಕೊಲೆಟ್’ ಒಂದನ್ನು ತಂದು ಮೂರು ಚಮಚ ಇಟ್ಟರೆ ತಾತನೂ ಮೊಮ್ಮಗಳೂ ಒಂದೇ ಲೋಟಕ್ಕೆ ಬಾಗುತ್ತಾರೆ.

ಹೋಟೆಲಿನ ಗದ್ದಲ ಹೋಟೆಲಿನಲ್ಲೇ ಉಳಿಯುವುದಿಲ್ಲ ಎಂಬುದು ಇಲ್ಲಿಯ ದೊಡ್ಡ ವ್ಯಥೆ. 12ನೇ ಮೇನಿನ ಹಿಂದಿನ ಅಡ್ಡರಸ್ತೆಗಳಲ್ಲಿ ಮೊದಲಿನ ಮನೆಗಳು ಇನ್ನೂ ಇವೆ, ಅವುಗಳಲ್ಲಿ ಮೊದಲಿನ ಜನ ಇದ್ದಾರೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಮೀರಬಾರದು. ತಾರಸಿಯ ಮೇಲಿನ ಸಂಗೀತ ಅದನ್ನು ಎಷ್ಟೋ ಸಲ ಮೀರಿದೆ. ನಿವಾಸಿಗಳು ಫಲಕ ಹಿಡಿದು ಬೀದಿಗಿಳಿದಿದ್ದಾರೆ, ಹೈಕೋರ್ಟಿನ ಬಾಗಿಲು ತಟ್ಟಿದ್ದಾರೆ. ನಾನು ಅವರ ಪಕ್ಷ. ನಾಲ್ಕು ಜನ ಸುಖವಾಗಿ ಉಣ್ಣಲೆಂದು ಪಕ್ಕದ ಮನೆಯ ಮುದುಕಿ ನಿದ್ದೆಗೆಡಬೇಕಾಗಿಲ್ಲ. ಗೇಟಿನ ಮುಂದೆ ನಿಂತು ಕಾರಿಗಾಗಿ ಕಾಯುವಾಗ ದನಿ ತಗ್ಗಿಸುವುದು ಉಣ್ಣಲು ಬಂದ ನಮ್ಮ ಪಾಲಿನ ಕೆಲಸ.

ಇಷ್ಟೆಲ್ಲ ಗದ್ದಲದ ಬೇರಿನಲ್ಲಿರುವುದು ಬಾಡಿಗೆ. ಚದರಡಿಯ ಬೆಲೆ ಏರಿದಷ್ಟೂ ಮೇಜುಗಳು ಒತ್ತೊತ್ತಾಗುತ್ತವೆ, ಬಂದವರು ಬೇಗ ಎದ್ದರೆ ಸಾಕೆನ್ನುವಂತೆ ಸಂಗೀತ ಏರುತ್ತದೆ. ಯಾವ ಅಡುಗೆ ಬದುಕುತ್ತದೆ ಎಂಬುದನ್ನೂ ಬಾಡಿಗೆಯೇ ತೀರ್ಮಾನಿಸುತ್ತದೆ. ಹೆಚ್ಚು ಬೆಲೆ ಹೇಳಬಲ್ಲ ತಿನಿಸಿಗೆ ನೂರಡಿ ರಸ್ತೆಯಲ್ಲಿ ಜಾಗವಿದೆ. ರಾಗಿ ಮುದ್ದೆ, ಬಸ್ಸಾರು, ಉಪ್ಸಾರು, ಅಕ್ಕಿ ರೊಟ್ಟಿ, ಹುರುಳಿಕಾಳಿನ ಸಾರುಗಳಿಗೆ ಇಲ್ಲ, ಏಕೆಂದರೆ ಅವು ಅಗ್ಗವಾಗಿರಬೇಕೆಂದು ನಾವೇ ಪಟ್ಟು ಹಿಡಿದಿದ್ದೇವೆ. ಬೇಳೆ ಬೇಯಿಸಿ, ಸೊಪ್ಪು ಬಸಿದು, ಆ ಕಟ್ಟಿಗೆ ಖಾರ ಅರೆದು ಹಾಕಿ ಕುದಿಸುವ ಬಸ್ಸಾರಿಗೆ ಬೇಕಾದ ಕೈಚಳಕ ಯಾವ ಪಾಸ್ತಾಕ್ಕೂ ಕಡಿಮೆಯದಲ್ಲ. ಪಾಸ್ತಾಕ್ಕೆ ಹಿಂದೆಮುಂದೆ ನೋಡದೆ ಕೊಡುವ ದುಡ್ಡನ್ನು ಬಸ್ಸಾರಿಗೆ ಕೊಡಲು ನಾವು ಸಿದ್ಧರಾದ ದಿನ ಅದೂ ಇಲ್ಲಿ ಒಳ್ಳೆಯ ಮೇಜಿಗೆ ಬಂದೀತು. ಹಾಗೆ ನಂಬಲು ಕಾರಣವೂ ಇದೆ. ಪಕ್ಕದ ಹಲಸೂರಿನ ಕಡೆ ಬೆಂಗಳೂರು ಊಟ ಕಂಪನಿ ಎಂಬ ಪುಟ್ಟ ಜಾಗವೊಂದು ಗೌಡರ ಮನೆಯ ಅಡುಗೆಯನ್ನೂ ಮಂಗಳೂರು ಕಡೆಯ ಅಡುಗೆಯನ್ನೂ ಮುಂಚೆಯೇ ಹೇಳಿಟ್ಟವರಿಗಷ್ಟೇ ಬಡಿಸುವ ಕ್ರಮದಲ್ಲಿ ನಡೆದುಬಂದಿದೆ. ಇಷ್ಟು ಜನ ಬರುತ್ತಾರೆಂದು ತಿಳಿದೇ ಒಲೆ ಹಚ್ಚಿದರೆ ಅಡುಗೆ ಹಾಳಾಗುವುದಿಲ್ಲ, ಜಾಗ ದೊಡ್ಡದಿರಬೇಕಾಗಿಲ್ಲ, ಗದ್ದಲವೂ ಇರುವುದಿಲ್ಲ. ಇದೇ ಲೆಕ್ಕದಲ್ಲಿ ಎಂಬತ್ತಡಿ ರಸ್ತೆಯ ಒಳಗಿನ ಹಳೆಯ ಮನೆಯೊಂದರಲ್ಲಿ ಎಂಟೇ ಮೇಜಿನ ಹೋಟೆಲು ನಡೆಸಬಹುದು.

ಅಂಥದನ್ನು ಯಾರಾದರೂ ತೆರೆಯುವುದಿದ್ದರೆ ನನ್ನ ಬೇಡಿಕೆ ಸಣ್ಣದು. ಕಿಟಕಿಗೆ ದಪ್ಪ ಪರದೆ, ಮೇಜಿಗೆ ಬಟ್ಟೆ, ಮುಚ್ಚಿಗೆಗೆ ಸದ್ದು ಹೀರುವ ಹಲಗೆ ಹಾಕಿಸಲಿ. ಹಾಡು ಬೇಕೇ ಬೇಕೆಂದರೆ ಒಂದು ಕೋಣೆಯನ್ನಾದರೂ ಅದರಿಂದ ಬಿಡಿಸಿಡಲಿ. ಬಾಗಿಲಲ್ಲಿ ಮೆಟ್ಟಿಲಿನ ಪಕ್ಕ ಒಂದು ಹಿಡಿಗಂಬಿ ಇರಲಿ. ಮುದ್ದೆಯನ್ನು ಅಂಗೈಯಗಲದ್ದನ್ನೂ ಮಾಡಲಿ, ವಯಸ್ಸಾದವರಿಗೆ ದೊಡ್ಡದು ಮುಗಿಯುವುದಿಲ್ಲ. ಬಸ್ಸಾರಿಗೆ ದಂಟಿನ ಸೊಪ್ಪು ಸಿಕ್ಕ ದಿನ ಫೋನು ಮಾಡಿ ತಿಳಿಸಿದರೆ, ಮಾವನನ್ನು ಕರೆದುಕೊಂಡು ಏಳು ಗಂಟೆಯೊಳಗೆ ಬಂದುಬಿಡುತ್ತೇವೆ.