ಈಜುವವರ ಅರಿವೆ

ನಮ್ಮ ಜಮಖಂಡಿ, ಮುಧೋಳ, ಬೀಳಗಿ ಸೀಮೆಯಲ್ಲಿ ಈಜು ಕಲಿಯುವದಕ್ಕೆ ಹಿಂದೆ ಬೇಕಾಗುತ್ತಿದ್ದ ಸಾಮಗ್ರಿಯು ಬಹು ಸ್ವಲ್ಪ. ಒಂದು ತುಂಬಿದ ಬಾವಿ, ಬೆನ್ನಿಗೆ ಕಟ್ಟಲು ಒಣಗಿದ ಸೋರೆಯ ಬುರುಡೆ, ಉಡಲು ಒಂದು ಲಂಗೋಟಿ, ಮತ್ತು ದಂಡೆಯ ಮೇಲೆ ನಿಂತು ಗದರಿಸುವ ಒಬ್ಬ ಸೋದರಮಾವ. ಇಷ್ಟಿದ್ದರೆ ಘಟಪ್ರಭೆಯನ್ನಾಗಲಿ ಕೃಷ್ಣೆಯನ್ನಾಗಲಿ ಇಳಿಯುವ ಧೈರ್ಯವು ಬರುತ್ತಿದ್ದಿತು. ಇಂದಾದರೋ, ಪಂದ್ಯದಲ್ಲಿ ಈಜುವವರು ತೊಡುವ ಮೇಲ್ತರದ ಒಂದು ಉಡುಪಿಗೆ 400ರಿಂದ 500 ಡಾಲರು, ಎಂದರೆ ಸುಮಾರು 35ರಿಂದ 45 ಸಾವಿರ ರೂಪಾಯಿ ಬೆಲೆಯುಂಟು.

ರಬಕವಿಯ ನೇಕಾರ ಗೃಹಸ್ಥರೊಬ್ಬರು, ನನ್ನ ಹಳೆಯ ಶಿಷ್ಯರು, ಈ ವಿಷಯವನ್ನೇ ಹಿಡಿದು ಈಚೆಗೆ ನನ್ನಲ್ಲಿಗೆ ಬಂದಿದ್ದರು. ಅವರ ಮಗಳಿಗೆ ಹನ್ನೊಂದು ವರ್ಷ, ಚೆನ್ನಾಗಿ ಈಜುವಳು. ಇಂಥ ಉಡುಪಿಲ್ಲದೆ ಮುಂದಕ್ಕೆ ಬರಲಾರಳೆಂದು ಯಾರೋ ಹೇಳಿದ್ದರಂತೆ. ಸಾಲ ಮಾಡಲೇ ಎಂದು ಕೇಳಿದ ಅವರು, ಕಡೆಗೆ, “ಗುರುಗಳ, ಇಷ್ಟು ರೊಕ್ಕ ಕೊಟ್ಟರ ಅರಿವಿ ತಾನ ಈಸತೈತೇನ್ರಿ?” ಎಂದರು.

ಪ್ರಶ್ನೆಯು ಹಾಸ್ಯದ್ದೆನಿಸಿದರೂ ಒಮ್ಮೆ ಲೋಕವೆಲ್ಲ ಕೇಳಿದ ಪ್ರಶ್ನೆಯೇ ಅದು. ಹತ್ತಿಯು ನೀರು ಕುಡಿದು ಭಾರವಾಗುವದು. ನೈಲಾನು ಅಷ್ಟು ಕುಡಿಯದು. ಅದರೊಡನೆ ಇಲಾಸ್ಟೇನ್ ಎಂಬ ಹಿಗ್ಗುವ ಎಳೆಯನ್ನು ಸೇರಿಸಿದರೆ ಉಡುಪು ಮೈಗೆ ಬಿಗಿದು, ನೀರಿನ ಎಳೆತವು ಕಡಿಮೆಯಾಗುವದು. ಸಂಸ್ಕೃತದ ‘ತಂತು’ ಶಬ್ದವೂ ಹಿಗ್ಗಿಸುವದೆಂಬ ಅರ್ಥದ ‘ತನ್’ ಧಾತುವಿನಿಂದಲೇ ಬಂದುದೆಂಬುದನ್ನು ಇಲ್ಲಿ ನೆನೆಯಬಹುದು. 2008ರಲ್ಲಿ ಸ್ಪೀಡೋ ಸಂಸ್ಥೆಯು ಇಂಥ ಬಟ್ಟೆಯ ಮೇಲೆ ಪಾಲಿಯುರಿಥೇನಿನ ಹಾಳೆಗಳನ್ನು ಅಂಟಿಸಿ, ಹೊಲಿಗೆಯ ಬದಲು ಶ್ರವಣಾತೀತ ಧ್ವನಿಯ ಕಂಪನದಿಂದ ಅಂಚುಗಳನ್ನು ಬೆಸೆದು ಒಂದು ಉಡುಪನ್ನು ಹೊರತಂದಿತು. ಅದರ ಬಟ್ಟೆಯನ್ನು ಅಮೇರಿಕದ ನಾಸಾ ಸಂಸ್ಥೆಯ ಗಾಳಿ ಸುರಂಗದಲ್ಲಿ ಪರೀಕ್ಷಿಸಿದ್ದರು. ಮರುವರ್ಷ ಬೇರೆ ಸಂಸ್ಥೆಗಳು ಪೂರ್ತಿ ಪಾಲಿಯುರಿಥೇನಿನ ಉಡುಪುಗಳನ್ನೇ ತಂದವು. 2009ರ ರೋಮ್ ವಿಶ್ವಸ್ಪರ್ಧೆಯೊಂದರಲ್ಲಿಯೇ 43 ವಿಶ್ವದಾಖಲೆಗಳು ಮುರಿದವು. ಗೆದ್ದವನು ಮನುಷ್ಯನೋ ಉಡುಪೋ ಎಂಬ ಸಂದೇಹವು ಎಲ್ಲರಿಗೂ ಬಂದಿತು.

ಆಗ ಈಜಿನ ಅಂತರರಾಷ್ಟ್ರೀಯ ಮಂಡಲವು 2010ರ ಆರಂಭದಿಂದ ಒಂದು ನಿಯಮವನ್ನು ವಿಧಿಸಿತು. ಉಡುಪು ಎಳೆಗಳಿಂದ ನೆಯ್ದ ಅಥವಾ ಹೆಣೆದ ಬಟ್ಟೆಯದೇ ಆಗಿರಬೇಕು. ಅದರಲ್ಲಿ ಗಾಳಿಯು ಹಾಯಬೇಕು. ಗಂಡಸರಿಗೆ ಅದು ನಾಭಿಯಿಂದ ಮೊಣಕಾಲಿನವರೆಗೆ, ಹೆಂಗಸರಿಗೆ ಭುಜದಿಂದ ಮೊಣಕಾಲಿನವರೆಗೆ ಮಾತ್ರ. ಅರಿವೆಯೆಂದರೆ ಹಾಸೂ ಹೊಕ್ಕೂ ಇರಬೇಕೆಂಬುದು ರಬಕವಿ-ಬನಹಟ್ಟಿಯ ಮಗ್ಗದ ಮನೆಯ ಹುಡುಗನಿಗೂ ತಿಳಿದ ಮಾತು. ದೊಡ್ಡವರ ಸಭೆಯು ಬಹಳ ತಿರುಗಿ ಬಹುಮಟ್ಟಿಗೆ ಅಲ್ಲಿಗೇ ಬಂದು ನಿಂತಿತು.

ಆ ಬಳಿಕ ನಡೆದುದು ಇನ್ನೂ ಬೋಧಪ್ರದವಾದುದು. 2009ರಲ್ಲಿ ಬ್ರೆಝಿಲಿನ ಸೀಝರ್ ಸಿಯೆಲೋ 100 ಮೀಟರನ್ನು 46.91 ಸೆಕೆಂಡುಗಳಲ್ಲಿ ಈಜಿದ್ದನು. 2022ರಲ್ಲಿ ರುಮಾನಿಯದ ಡೇವಿಡ್ ಪೊಪೊವಿಚಿಯು, ನಿಯಮದ ಬಟ್ಟೆಯನ್ನುಟ್ಟೇ, 46.86ರಲ್ಲಿ ಈಜಿದನು. ಅರಿವೆಯಿಂದ ಬಂದ ಲಾಭವನ್ನು ಅಭ್ಯಾಸವು ತೀರಿಸಲು ಹದಿಮೂರು ವರ್ಷ ಹಿಡಿಯಿತು, ಆದರೆ ತೀರಿಸಿತು.

ಇದನ್ನೆಲ್ಲ ಹೇಳಿ, ಸಾಲ ಬೇಡವೆಂದೆನು. ಇಂಥ ಉಡುಪು ಪಂದ್ಯದ ದಿನಕ್ಕೆ ಮಾತ್ರ. ಕೆಲವು ಪಂದ್ಯಗಳಾದ ಮೇಲೆ ಅದರ ಬಿಗುವು ಸಡಿಲುವದು. ಬೆಳೆಯುವ ಮೈಗೆ ಬರುವ ವರ್ಷ ಅದು ಹಿಡಿಯಲಾರದು. ಶ್ರೀಮಂತ ರಾಷ್ಟ್ರವಾದ ಅಮೇರಿಕದ ಈಜು ಸಂಘವೇ 2020ರಿಂದ ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ತನ್ನ ಪಂದ್ಯಗಳಲ್ಲಿ ಇಂಥ ಉಡುಪನ್ನು ನಿಷೇಧಿಸಿರುವದು. ಸಾಧಾರಣ ಪಾಲಿಯೆಸ್ಟರ್ ಉಡುಪು ಸಾಕು. ಕೊಳದ ಕ್ಲೋರಿನ್ನಿಗೆ ಅದು ಇಲಾಸ್ಟೇನಿಗಿಂತ ಹೆಚ್ಚು ತಾಳುವದು. ಈಜಿ ಬಂದೊಡನೆ ಸಿಹಿನೀರಿನಲ್ಲಿ ಜಾಲಿಸಿ, ಹಿಂಡದೆ, ನೆರಳಿನಲ್ಲಿ ಒಣಗಿಸಬೇಕು.

ನಮ್ಮ ಕರ್ನಾಟಕದವಳೇ ಆದ ಧಿನಿಧಿ ದೇಸಿಂಘು 2024ರಲ್ಲಿ, ತನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ, ಪ್ಯಾರಿಸಿನ ಒಲಿಂಪಿಕ್ಸಿಗೆ ಹೋದಳು. ಅಂಥ ಮಟ್ಟಕ್ಕೆ ಏರಿದವರಿಗೆ ಸೆಕೆಂಡಿನ ನೂರನೆಯ ಭಾಗವೂ ದೊಡ್ಡದು. ಅವರಿಗೆ ಒಳ್ಳೆಯ ಉಡುಪು ಬೇಕೇ ಬೇಕು. ಏರುವ ಮೊದಲು ಬೇಕಾದುದು ಹಾಲು, ನಿದ್ರೆ, ಬಲ್ಲ ಗುರು, ಮತ್ತು ದಿನಾಲು ನಸುಕಿನಲ್ಲಿ ಮಗುವನ್ನು ಎಬ್ಬಿಸಿ ಕೊಳಕ್ಕೆ ಕರೆದೊಯ್ಯುವ ತಂದೆತಾಯಿ. ಕೈಯಲ್ಲಿ ಹಣವಿದ್ದರೆ ಗೃಹಸ್ಥರು ಅದನ್ನು ಮೊದಲು ಇವಕ್ಕೆ ವೆಚ್ಚ ಮಾಡತಕ್ಕದ್ದು.