ಹಗುರವೆನಿಸಿಕೊಂಡ ಪುಸ್ತಕಗಳು

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಕೆಲವು ತಿಂಗಳು ಹಳಗನ್ನಡ ಕಾವ್ಯಗಳ ಟೀಕೆ ಟಿಪ್ಪಣಿಗಳ ಸಣ್ಣ ಅಕ್ಷರಗಳನ್ನು ನೋಡಕೂಡದೆಂದು ವೈದ್ಯರು ವಿಧಿಸಿದರು. ಶಾಲೆಯ ಗ್ರಂಥಾಲಯದಿಂದ ನಗೆಬರಹ, ಪತ್ತೇದಾರಿ ಕಾದಂಬರಿ ಮತ್ತು ಮಕ್ಕಳ ಪುಸ್ತಕಗಳನ್ನು ತರಿಸಿಕೊಂಡೆನು. ನಮ್ಮ ಪ್ರಸಾದನಿಲಯದ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ಸಂಜೆ ಬಂದು ಓದಿ ಹೇಳುತ್ತಿದ್ದನು. ಒತ್ತಕ್ಷರ ಕಂಡೊಡನೆ ಕಲ್ಲೆಡವಿದವನಂತೆ ನಿಲ್ಲುವ ಹುಡುಗ. ಓದು ತಲೆಗೆ ಹತ್ತದೆಂದು ಅವನ ತಂದೆ ಶಾಲೆ ಬಿಡಿಸಿ ಗಾರೆಕೆಲಸಕ್ಕೆ ಹಚ್ಚುವ ಯೋಚನೆಯಲ್ಲಿದ್ದನು.

ಮೊದಲು ಹರಪನಹಳ್ಳಿಯ ಬೀಚಿಯವರ ಆತ್ಮಕಥೆ, 'ನನ್ನ ಭಯಾಗ್ರಫಿ'. ಅಲ್ಪಪ್ರಾಣವೊಂದನ್ನು ಮಹಾಪ್ರಾಣವಾಗಿಸಿ ಇಂಗ್ಲಿಷ್ ಪದದೊಳಗೆ ಭಯವನ್ನು ಕೂರಿಸಿದ ಈ ಚಮತ್ಕಾರ ಯಾವ ಸಂಧಿಸೂತ್ರಕ್ಕೂ ಸಿಕ್ಕದು. ಹುಡುಗನು 'ಬಯಾಗ್ರಫಿ' ಎಂದೇ ಓದಿದನು, ನಗಲಿಲ್ಲ. ಎರಡು ಬಕಾರಗಳನ್ನೂ ಉಚ್ಚರಿಸಿ ತೋರಿಸಿದಾಗ ಗೊಳ್ಳೆಂದು ನಕ್ಕನು. ಮಹಾಪ್ರಾಣ ಬಾರದ ನಾಲಗೆಗೆ ಈ ನಗೆ ದಕ್ಕುವುದಿಲ್ಲ.

ಪತ್ತೇದಾರಿಯಲ್ಲಿ ನಾವು ಹಿಡಿದುದು ಎನ್. ನರಸಿಂಹಯ್ಯನವರನ್ನು (1925–2011). ಪ್ರಾಥಮಿಕ ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ ಇವರು ಐನೂರಕ್ಕೂ ಮಿಕ್ಕಿ ಕಾದಂಬರಿಗಳನ್ನು ಬರೆದರು. ವಾಕ್ಯಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳು ಬೇಕೆಂಬುದು ಶಾಸ್ತ್ರಮತ. 'ರಾಮನು' ಎಂದು ನಿಲ್ಲಿಸಿದರೆ ಕೇಳುವವನ ಮನಸ್ಸು ಕ್ರಿಯಾಪದಕ್ಕಾಗಿ ಕಾಯುತ್ತದೆ, ಅದೇ ಆಕಾಂಕ್ಷೆ. ಪತ್ತೇದಾರಿ ಕಥೆಯಾದರೋ ಕ್ರಿಯಾಪದವನ್ನು ಮೊದಲೇ ನುಡಿದು ಕರ್ತೃಪದವನ್ನು ಕೊನೆಯ ಪುಟದವರೆಗೆ ಬಚ್ಚಿಡುತ್ತದೆ. ಕೊಂದದ್ದಾಯಿತು, ಕೊಂದವನಾರು? (ಯೋಗ್ಯತೆ, ಸನ್ನಿಧಿಗಳನ್ನೂ ಹೀಗೆಯೇ ಹೊಂದಿಸಹೊರಟರೆ ಅದು ಪಂಡಿತರ ಬಲವಂತವಾದೀತು.) ಆ ಆಕಾಂಕ್ಷೆಯ ಸೆಳೆತದಲ್ಲಿ ಹುಡುಗನು ಒತ್ತಕ್ಷರಗಳನ್ನು ಹಾರುತ್ತ ಹಾರುತ್ತ ದಾಟಿದನು. ಪತ್ತೇದಾರ ಪುರುಷೋತ್ತಮನ ಹೆಸರಿನ ಒತ್ತಕ್ಷರವೂ ಅವನನ್ನು ತಡೆಯಲಿಲ್ಲ. ಒಂದು ರಾತ್ರಿ ಉಳಿದ ಪುಟಗಳನ್ನು ನನಗೆ ಹೇಳದೆ ಓದಿ ಮುಗಿಸಿ, ಮರುದಿನ ಕೊಲೆಗಾರನ ಹೆಸರನ್ನು ಬಾಗಿಲಲ್ಲೇ ಒದರಿಬಿಟ್ಟನು. ಗುರುವಿಗೆ ಇದಕ್ಕಿಂತ ಕ್ರೂರವಾದ ದಕ್ಷಿಣೆಯಿಲ್ಲ!

ಮಕ್ಕಳ ಪುಸ್ತಕಗಳಲ್ಲಿ ಪಂಜೆ ಮಂಗೇಶರಾಯರ 'ಇಲಿಗಳ ಥಕಥೈ' ದೊರೆಯಿತು. ಶಾಲಾ ಇನ್ಸ್‌ಪೆಕ್ಟರರಾಗಿ ಮಕ್ಕಳ ಬಾಯಿಯನ್ನು ಬಲ್ಲವರು, 1934ರ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಆ ಶೀರ್ಷಿಕೆಯ ಎರಡು ಥಕಾರಗಳನ್ನು ಹುಡುಗನು ತಾನಾಗಿ ಸರಿಯಾಗಿ ನುಡಿದನು. ಹತ್ತನೆಯ ತರಗತಿಯವರೆಗಾದರೂ ಇರಲೆಂದು ಅವನ ತಂದೆ ಒಪ್ಪಿದ್ದಾನೆ. ಆಮೇಲಿನದು ಇನ್ನೂ ನಿಶ್ಚಯವಾಗಿಲ್ಲ.

ನಮ್ಮ ಗ್ರಂಥಾಲಯಕ್ಕೆ ದಾನಿಗಳು ಕೊಟ್ಟ ಬೃಹತ್ಸಂಪುಟಗಳು ಗಾಜಿನ ಕಪಾಟಿನಲ್ಲಿ ಅಚ್ಚಳಿಯದೆ ಇವೆ, ಅವು ಇರಲೇಬೇಕು. ಆದರೆ ಮೇಲೆ ಹೇಳಿದ ಪುಸ್ತಕಗಳ ಹೊಲಿಗೆ ಬಿಚ್ಚಿದೆ. ನರಸಿಂಹಯ್ಯನವರ ಒಂದು ಕಾದಂಬರಿಯಲ್ಲಂತೂ ಕೊನೆಯ ನಾಲ್ಕು ಪುಟಗಳೇ ಇಲ್ಲ. ಇವುಗಳಿಗೆ ರಟ್ಟು ಕಟ್ಟಿಸಲು, ಹರಿದವುಗಳಿಗೆ ಬದಲು ಪ್ರತಿ ತರಿಸಲು ಮಹನೀಯರಾರಾದರೂ ಮುಂದೆ ಬಂದರೆ ಪಟ್ಟಿ ನನ್ನ ಬಳಿ ಸಿದ್ಧವಾಗಿದೆ.