ಜೀಪಿನ ಸಣ್ಣ ಲಿವರ್

ಆಳಂದ ಇರ್ಲಿ, ಅಫಜಲಪುರ ಇರ್ಲಿ, ನಮ್ಮ ಜೇವರ್ಗಿ ಇರ್ಲಿ, ಮಳಿ ಬಿತ್ತಂದ್ರ ಎರಿ ಮಣ್ಣು ನಾದಿದ ಜ್ವಾಳದ ಹಿಟ್ಟಿನಂಗ ಗಾಲಿಗಿ ಮೆತ್ತತದ, ನಿಮಗ ಗೊತ್ತೇ ಅದ. ನಮ್ಮ ಹಳೇ ಮಹೀಂದ್ರಾ ಜೀಪಿಗಿ ಗೇರಿನ ಬಾಜೂಕ ಇನ್ನೆರಡು ಸಣ್ಣ ಲಿವರ್ ಅವ. ಒಂದು ಮುಂದಿನ ಗಾಲಿನೂ ತಿರುಗಸ್ತದ, ಇನ್ನೊಂದು ಸಾವಕಾಶ ಆದ್ರ ಬಲದಿಂದ ಎಳಿಯಂಗ ಮಾಡ್ತದ. ಮನ್ಯಾನವ್ರ ಭುಜ ಹಿಡದಾಗಿಂದ ಜೀಪ್ ನಾನೇ ಹೊಡಿತೀನಿ. ಎರಡೂ ಲಿವರ್ ನನ್ನ ಕೈಗಿ ಬರ್ತಿದ್ದಿಲ್ಲ. ಸ್ವಸಿಗಿ ಎಂಟು ತಿಂಗಳು. ಹೊಲದ ಮನ್ಯಾಗ ರಾತ್ರಿ ಬ್ಯಾನಿ ಶುರು ಆದ್ರ?

ಮೈದುನ ಎರಡೂ ಬಿಚ್ಚಿ ಅಂಗಳದಾಗ ಇಟ್ಟ. ಮೊದಲು ಸವದ ಪಿನ್ನು, ಬುಶ್ ಬದಲಿ ಮಾಡ್ದ. ಅರ್ಧ ಬಿಗಿ ಅಲ್ಲೇ ಹೋಯ್ತು. ಆಮ್ಯಾಗ ಗೇಣುದ್ದ ರಾಡ್ ವೆಲ್ಡಿಂಗ್ ಮಾಡ್ಸಿದ. ಬಿಚ್ಚಿದ ಮ್ಯಾಗೇ ಮಾಡ್ಸಬೇಕ್ರಿ, ಕೆಳಗ ಎಣ್ಣಿ ಇರ್ತದ. ಉದ್ದ ಹಾರಿಲೆ ಕಲ್ಲು ಎದ್ದಂಗ ಈಗ ಹಗೂರ ಬೀಳ್ತದ. ಕೈ ಮಾತ್ರ ದೂರ ಒಯ್ಯಬೇಕು.

ಡಾಂಬರ್ ಹತ್ತಿದ ಕೂಡ್ಲೆ ಮುಂದಿನ ಗಾಲಿ ಬಿಡಿಸ್ಬೇಕು. ಇಲ್ಲಂದ್ರ ತಿರುವಿನ್ಯಾಗ ಹಿಂದಿನವು ಮುಂದಿನವು ಜಗ್ಗಾಡಿ ಲಿವರ್ ಸಿಕ್ಕೊಂತದ. ಆವಾಗ ಸ್ವಲ್ಪ ಹಿಂದಕ್ಕ ತಗೊಂಡು ಜಗ್ಗತೀನಿ, ಬಿಡ್ತದ.

ಮೊನ್ನಿ ರಾತ್ರಿ ಮಳ್ಯಾಗ ಒಬ್ಬಾಕೀನೇ ರೋಡಿನ ತನಕ ಹೊಡದು ನೋಡೀನಿ. 20 ನಿಮಿಷ. ಸ್ವಸಿ ಚೀಲ ಕಟ್ಟಿ ಇಟ್ಟಾಳ.